ಪೈರು ಎಳೆದ ಸಾಂಗ್ ನಾಡಿನ ರೈತ

ಪ್ರಶ್ನೆ: ‘ಪೈರು ಎಳೆದು ಬೆಳೆಸಿದ ಹಾಗೆ’ ಎಂಬ ಚೀನೀ ಗಾದೆ ಕನ್‌ಫ್ಯೂಷಿಯಸ್ ಹೇಳಿದ್ದೇ? ಭತ್ತದ ಸಸಿಯನ್ನು ನಾವೂ ಕಿತ್ತೇ ನಾಟಿ ಮಾಡುತ್ತೇವೆ, ಅದು ಸಾಯುವುದಿಲ್ಲ. ಕಥೆಯ ಪೈರು ಯಾಕೆ ಒಣಗಿತು?
– ಓದುಗರು, ಮೂಡಿಗೆರೆ

ಉತ್ತರ: ಕನ್‌ಫ್ಯೂಷಿಯಸ್ ಅಲ್ಲ. ಅವರು ತೀರಿಕೊಂಡು ನೂರು ವರ್ಷ ಕಳೆದ ಮೇಲೆ ಹುಟ್ಟಿದ, ಅವರದೇ ಪಂಥದ ಚಿಂತಕ ಮೆನ್ಸಿಯಸ್ (ಕ್ರಿ.ಪೂ. 372–289 ಎಂಬುದು ರೂಢಿಯ ಲೆಕ್ಕ) ಹೇಳಿದ ಕಥೆ ಇದು. ಶಿಷ್ಯ ಗೊಂಗ್‌ಸುನ್ ಚೌ, ಮನಸ್ಸಿನ ಧೀರಶಕ್ತಿ ಬೆಳೆಯುವುದು ಹೇಗೆ ಎಂದು ಕೇಳಿದಾಗ ಇದನ್ನು ಹೇಳಿದರು. ಸಾಂಗ್ ಎಂಬುದು ಆಗಿನ ಚೀನಾದ ಒಂದು ರಾಜ್ಯ. ಅಲ್ಲಿನ ಒಬ್ಬನಿಗೆ ತನ್ನ ಪೈರು ಏಳುತ್ತಿಲ್ಲವೆಂಬ ಚಿಂತೆ. ಹೊಲಕ್ಕೆ ಹೋಗಿ ಪೈರನ್ನೆಲ್ಲ ಎಳೆದೆಳೆದು ಎತ್ತರ ಮಾಡಿದ. ಸುಸ್ತಾಗಿ ಮನೆಗೆ ಬಂದು ‘ಇವತ್ತು ಪೈರು ಬೆಳೆಯೋದಕ್ಕೆ ಸಹಾಯ ಮಾಡಿದೆ’ ಅಂದ. ಮಗ ಓಡಿಹೋಗಿ ನೋಡಿದರೆ ಎಲ್ಲವೂ ಬಾಡಿತ್ತು.

ನಿಮ್ಮ ಎರಡನೆಯ ಪ್ರಶ್ನೆಯಲ್ಲೇ ಇದರ ತಿರುಳಿದೆ. ನಾಟಿಗೆ ಮುಂಚೆ ಸಸಿ ಮಡಿಗೆ ನೀರು ನಿಲ್ಲಿಸುತ್ತೀರಿ. 21–25 ದಿನದ ಸಸಿಯನ್ನು ಬುಡ ಹಿಡಿದು ಪೂರ್ತಿ ಕೀಳುತ್ತೀರಿ. ಕೆಸರಿನಲ್ಲಿ ಎರಡು ಮೂರು ಸಸಿಯನ್ನು ಒಂದೂವರೆ ಅಂಗುಲದೊಳಗೆ ಊರಿದ ಕೂಡಲೇ ಕೆಸರು ಬೇರಿಗೆ ಅಂಟಿಕೊಳ್ಳುತ್ತದೆ. ಹರಿದ ಬೇರಿನ ಬದಲು ಬುಡದ ಗೆಣ್ಣಿನಿಂದ ಹೊಸ ಬೇರು ಒಡೆಯುವ ತನಕ ಕೆಲವು ದಿನ ಗರಿ ಹಳದಿಯಾಗುತ್ತದೆ, ಅಷ್ಟೆ. ಸಾಂಗ್ ರೈತ ಕಿತ್ತು ನೆಡಲಿಲ್ಲ, ಇದ್ದಲ್ಲೇ ಎಳೆದು ಬಿಟ್ಟ. ನೀರು ಹೀರುವುದು ಕೂದಲಿನಂಥ ಎಳೆಬೇರು. ಎಳೆದಾಗ ಮೊದಲು ಹರಿಯುವುದೂ ಅದೇ. ಬೇರಿನ ಸುತ್ತ ಮಣ್ಣು ಸಡಿಲಾಗಿ ಗಾಳಿ ತುಂಬುತ್ತದೆ, ಎಲೆ ಮಾತ್ರ ಬಿಸಿಲಿಗೆ ನೀರು ಕಳೆಯುತ್ತಲೇ ಇರುತ್ತದೆ. ಮೂಲದಲ್ಲಿ ಬೆಳೆಯ ಹೆಸರಿಲ್ಲ. ಆದರೆ ಆ ಕಾಲದ ಉತ್ತರ ಚೀನಾದಲ್ಲಿ ನವಣೆಯಂಥ ಸಿರಿಧಾನ್ಯಗಳೇ ಮುಖ್ಯ ಬೆಳೆ, ಅವು ಒಣಹೊಲದವು.

ಕಾಫಿಯಲ್ಲಿ ಎಳೆಯುವುದು ಸರಿಯಾಗುವ ಸಂದರ್ಭವೂ ಒಂದಿದೆ. ಟೋಪಿ ಹಂತದ, ಅಂದರೆ ಎಲೆ ಬಿಚ್ಚುವ ಮುಂಚಿನ ಎಳೆಯ ಸಸಿಯನ್ನು ಬುಟ್ಟಿಗೆ, ಅಂದರೆ ಮಣ್ಣು ತುಂಬಿದ ಪ್ಲಾಸ್ಟಿಕ್ ಚೀಲಕ್ಕೆ, ಇಳಿಸುವಾಗ ತಾಯಿಬೇರು ಮಡಚಿಕೊಂಡರೆ ಗಿಡ ಜೀವಮಾನವಿಡೀ ಸೊರಗುತ್ತದೆ. ಹಾಗಾಗಿ ಸಸಿ ಇಳಿಸಿ, ಬೇರು ನೆಟ್ಟಗಾಗುವಷ್ಟು ಸ್ವಲ್ಪ ಮೇಲೆತ್ತಿ, ತಕ್ಷಣ ಸುತ್ತ ಮಣ್ಣು ಒತ್ತಿ ನೀರು ಕೊಡಬೇಕು.

ಈ ಗಾದೆಯನ್ನು ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬಷ್ಟಕ್ಕೇ ಬಳಸುವುದು ನನಗೆ ಒಪ್ಪಿಗೆಯಿಲ್ಲ. ಮೆನ್ಸಿಯಸ್ ಅಲ್ಲಿಗೆ ನಿಲ್ಲಿಸಲಿಲ್ಲ. ಪ್ರಯೋಜನವಿಲ್ಲವೆಂದು ಕೈಬಿಟ್ಟವರು ಕಳೆ ಕೀಳದವರು, ಬಲವಂತಕ್ಕೆ ಬೆಳೆಸಹೊರಟವರು ಪೈರು ಎಳೆದವರು ಎಂದು ಇಬ್ಬರನ್ನೂ ಒಟ್ಟಿಗೇ ಬೈದರು. ‘ಎಳೆಯಬೇಡ’ ಎನ್ನುವಾಗ ಕಳೆ ಕೀಳುವ ಕೆಲಸ ಉಳಿದೇ ಇದೆ. ಚೀನಾದಲ್ಲಿ ಇಂದು ಇದು ಹೆಚ್ಚಾಗಿ ಕೇಳಿಬರುವುದು ಪುಟ್ಟ ಮಕ್ಕಳ ಮೇಲೆ ವಯಸ್ಸಿಗೆ ಮೀರಿದ ಪಾಠ ಹೇರುವ ತಂದೆತಾಯಿಯರ ವಿಷಯದಲ್ಲಿ.

ಪ್ರಶ್ನೆ: ಮರದ ಮೋಟಿಗೆ ಡಿಕ್ಕಿ ಹೊಡೆದು ಸತ್ತ ಮೊಲ ಸಿಕ್ಕಿತೆಂದು, ನೇಗಿಲು ಬಿಟ್ಟು ಮೋಟನ್ನೇ ಕಾಯುತ್ತ ಕೂತವನೂ ಸಾಂಗ್ ನಾಡಿನವನೇ. ಆ ನಾಡಿನ ಮೇಲೆ ಯಾಕೆ ಈ ಕಣ್ಣು?
– ಓದುಗರು, ಅರಸೀಕೆರೆ

ಉತ್ತರ: ಆ ಕಥೆ ಹಾನ್ ಫೈ ಎಂಬ ಚಿಂತಕನದು. ಝೌ ದೊರೆಗಳು ಶಾಂಗ್ ರಾಜವಂಶವನ್ನು ಸೋಲಿಸಿದ ಮೇಲೆ, ಪೂರ್ವಜರ ಪೂಜೆ ನಿಲ್ಲದಿರಲೆಂದು ಆ ವಂಶದವರಿಗೆ ಕೊಟ್ಟ ನಾಡು ಸಾಂಗ್. ಸೋತವರ ಮಕ್ಕಳು, ಹಳೆಯ ಆಚಾರ ಬಿಡದವರು ಎಂಬ ಕಾರಣಕ್ಕೆ ಅಕ್ಕಪಕ್ಕದ ನಾಡಿನವರು ದಡ್ಡನ ಪಾತ್ರವನ್ನು ಅವರಿಗೆ ಅಂಟಿಸಿದರು ಎಂಬುದು ವಿದ್ವಾಂಸರು ಸಾಮಾನ್ಯವಾಗಿ ಕೊಡುವ ವಿವರಣೆ. ಅದರ ರಾಜಧಾನಿ ಇದ್ದದ್ದು ಇಂದಿನ ಹೆನಾನ್ ಪ್ರಾಂತ್ಯದ ಶಾಂಗ್‌ಚಿಯುವಿನಲ್ಲಿ.