ಕರೆಂಟ್ ಬಂದ ಮೇಲೆ ನಿಮ್ಮ ಪಂಪ್ ಮತ್ತೆ ಹೊರಡುತ್ತದಾ?

ಮಳೆ ಹಿಡಿದರೆ ಸಾಕು, ನನಗೆ ಬರುವ ಪ್ರಶ್ನೆಗಳೂ ಶುರು. ನಮ್ಮ ಹಾಸನ, ಸಕಲೇಶಪುರ, ಚಿಕ್ಕಮಗಳೂರು ಕಡೆ ಮನೆಯಲ್ಲಿ ಉಪ್ಪು ನೀರಿನ ಹವಳದ ಟ್ಯಾಂಕ್ ಇಟ್ಟವರು ತುಂಬಾ ಜನ ಇಲ್ಲ. ಆದರೂ ವರ್ಷಾ ವರ್ಷ ಅದೇ ನಾಲ್ಕೈದು ಪ್ರಶ್ನೆ. ಅದಕ್ಕೆ ಈ ಸಲ ಟ್ಯಾಂಕಿನ ನೀರು ಹರಿದಾಡಿಸುವ ಪಂಪಿನ ವಿಷಯ ಒಟ್ಟಿಗೇ ಹೇಳಿಬಿಡುತ್ತೇನೆ. ಉಪ್ಪು ಎಷ್ಟು ಕಲಸಬೇಕು, ಹೊಸ ಟ್ಯಾಂಕಿಗೆ ಮೀನು ಯಾವಾಗ ಬಿಡಬೇಕು ಅನ್ನುವುದೆಲ್ಲ ಇಲ್ಲಿ ಇಲ್ಲ. ಅದು ಗೊತ್ತಿಲ್ಲದೆ ಹವಳ ತಂದಿದ್ದರೆ ಮೊದಲು ಅದನ್ನು ಕಲಿಯಿರಿ.

ಪ್ರಶ್ನೆ (ಚಿಕ್ಕಮಗಳೂರು): ನಮ್ಮದು 3 ಅಡಿ ಉದ್ದ, ಒಂದೂವರೆ ಅಡಿ ಅಗಲ, ಒಂದೂವರೆ ಅಡಿ ಎತ್ತರದ ಟ್ಯಾಂಕ್ ಸಾರ್. ಮೆದು ಹವಳ ಮತ್ತೆ ಎರಡು ಕ್ಲೌನ್ ಮೀನು ಇವೆ. ಸಂಪ್ (ಟ್ಯಾಂಕಿನ ಕೆಳಗಿಡುವ ಫಿಲ್ಟರ್ ತೊಟ್ಟಿ) ಇಲ್ಲ. ಗಂಟೆಗೆ 10,000 ಲೀಟರಿನ ವೇವ್‌ಮೇಕರ್ (ಟ್ಯಾಂಕ್ ಒಳಗೇ ನೀರು ತಳ್ಳುವ ಪಂಪ್) ಒಂದು ಹಾಕಿಬಿಡಿ ಅಂತಾರೆ ಅಂಗಡಿಯವರು. ತಗೊಳ್ಳಲಾ?

ಬೇಡವೇ ಬೇಡ. ತೋಟದ ಮೋಟಾರ್ ತಗೊಳ್ಳುವಾಗ ಇನ್ನೊಂದು ಎಚ್‌ಪಿ ಜಾಸ್ತಿ ಇರಲಿ ಅಂತೀವಲ್ಲ, ಆ ಲೆಕ್ಕ ಇಲ್ಲಿ ನಡೆಯುವುದಿಲ್ಲ. ನಿಮ್ಮ ಟ್ಯಾಂಕ್ ಅಂಚಿನವರೆಗೆ ತುಂಬಿದರೆ ಸುಮಾರು 190 ಲೀಟರ್. ಕಲ್ಲು, ಮರಳು, ಮೇಲೆ ಬಿಟ್ಟ ಜಾಗ ಕಳೆದರೆ ಉಳಿಯುವ ನೀರು 150 ಲೀಟರ್ ಆಸುಪಾಸು. ಮೆದು ಹವಳಕ್ಕೆ ಟ್ಯಾಂಕಿನ ನೀರಿನ 10ರಿಂದ 20 ಪಟ್ಟು ಗಂಟೆಗೆ ಹರಿದಾಡಿದರೆ ಸಾಕು. ಅಂದರೆ 1,500ರಿಂದ 3,000 ಲೀಟರ್. ಅದನ್ನೂ ಒಂದೇ ಪಂಪಿಗೆ ಹೊರಿಸಬೇಡಿ. 2,000 ಲೀಟರ್ ಒಳಗಿನ ಎರಡು ಪಂಪ್ ತಗೊಂಡು ಎರಡು ಬದಿಗೆ ಹಾಕಿ. ಒಂದೇ ಕಡೆಯಿಂದ ನೀರು ಬಡಿದರೆ ಹವಳ ಗಾಳಿಗೆ ಸಿಕ್ಕಿದ ಸಿಲ್ವರ್ ಮರದ ಹಾಗೆ ಒಂದೇ ಬದಿಗೆ ಬಾಗಿ ನಿಲ್ಲುತ್ತದೆ, ಬಡಿತ ಜೋರಾದರೆ ಅದರ ಮಾಂಸವೇ ಕಿತ್ತುಬರುತ್ತದೆ. ಗದ್ದೆಯಲ್ಲಿ ಪೈರು ತೂಗುತ್ತದಲ್ಲ, ಒಮ್ಮೆ ಈ ಕಡೆ, ಒಮ್ಮೆ ಆ ಕಡೆ, ಹಾಗೆ ತೂಗಬೇಕು.

ಇನ್ನು ನೀವು ಕೇಳದೇ ಬಿಟ್ಟ ಪ್ರಶ್ನೆಗೆ ಬರುತ್ತೇನೆ. ನಿಮ್ಮ ಊರಿಗೆ ಅದೇ ಮುಖ್ಯ. ಜುಲೈನಲ್ಲಿ ಲೈನ್ ಮೇಲೆ ಮರ ಬಿದ್ದು ರಾತ್ರಿ ಕರೆಂಟ್ ಹೋದರೆ ಆ ಪಂಪ್ ಏನು ಮಾಡುತ್ತದೆ? ಕರೆಂಟ್ ಬಂದಾಗ ತಾನಾಗಿ ಹೊರಡುತ್ತದಾ?

ಸಿಹಿ ನೀರಿಗಿಂತ ಉಪ್ಪು ನೀರಿನಲ್ಲಿ ಕರಗುವ ಆಮ್ಲಜನಕ ಸುಮಾರು ಶೇ 20ರಷ್ಟು ಕಡಿಮೆ. ಅದರ ಮೇಲೆ ಚಿಕ್ಕಮಗಳೂರು ಸಮುದ್ರ ಮಟ್ಟದಿಂದ ಸಾವಿರ ಮೀಟರಿಗೂ ಮೇಲಿದೆ. ಇಲ್ಲಿ ಗಾಳಿಯ ಒತ್ತಡ ಕಡಿಮೆ, ಅದಕ್ಕೆ ಮಂಗಳೂರಿನಲ್ಲಿ ಇಟ್ಟ ಅದೇ ಟ್ಯಾಂಕಿಗಿಂತ ನಿಮ್ಮ ನೀರಿನಲ್ಲಿ ಆಮ್ಲಜನಕ ಇನ್ನೂ ಶೇ 10ರಷ್ಟು ಕಮ್ಮಿ. ರಾತ್ರಿ ಲೈಟ್ ಆರಿದ ಮೇಲೆ ಪಾಚಿಯೂ ಆಮ್ಲಜನಕ ಕೊಡುವುದಿಲ್ಲ, ತಾನೇ ಎಳೆದುಕೊಳ್ಳುತ್ತದೆ. ಇಷ್ಟರ ಮೇಲೆ ಪಂಪೂ ನಿಂತರೆ ಮೇಲಿನ ನೀರು ಮೇಲೆ, ಕೆಳಗಿನದು ಕೆಳಗೇ ಉಳಿಯುತ್ತದೆ. ಮೀನಿಗೆ ಹಸಿವು ಹತ್ತು ದಿನ ತಡೆಯುತ್ತದೆ. ಉಸಿರು ತಡೆಯುವುದಿಲ್ಲ.

ನನಗಾದದ್ದು ಹೇಳುತ್ತೇನೆ. ಏಳೆಂಟು ವರ್ಷದ ಹಿಂದೆ ಹಾಸನದ ಮನೆಯಲ್ಲಿ ನನ್ನದೂ ಸಂಪ್ ಇಲ್ಲದ ಟ್ಯಾಂಕ್. ಎರಡು ವೇವ್‌ಮೇಕರ್, ಎರಡೂ ಗೋಡೆಯ ಕರೆಂಟಿಗೆ ನೇರವಾಗಿ ಚುಚ್ಚುವಂಥ ಎಸಿ ಪಂಪ್. ಮಧ್ಯರಾತ್ರಿ ಕರೆಂಟ್ ಹೋಯಿತು, ಅರ್ಧ ಗಂಟೆಯೊಳಗೆ ಬಂತು. ಮೇಲಿನ ಫ್ಯಾನ್ ತಿರುಗಿತು, ನಾನು ನೆಮ್ಮದಿಯಾಗಿ ಮಲಗಿದೆ. ಬೆಳಗ್ಗೆ ನೋಡಿದರೆ ಒಂದು ಪಂಪ್ ಜುಂಯ್ ಅನ್ನುತ್ತಾ ಬಿಸಿಯಾಗಿದೆ, ಇನ್ನೊಂದು ಸದ್ದೇ ಇಲ್ಲ. ಎರಡು ಮೀನು ಸತ್ತಿದ್ದವು, ಉಳಿದವು ಮೇಲೆ ಬಾಯಿ ತೆರೆದುಕೊಂಡಿದ್ದವು. ಪಂಪ್ ಬಿಚ್ಚಿದೆ. ಇಂಪೆಲ್ಲರಿನ, ಅಂದರೆ ಒಳಗೆ ತಿರುಗುವ ರೆಕ್ಕೆಯ ಸುತ್ತ ಉಗುರಿನಷ್ಟು ದಪ್ಪ ಸುಣ್ಣ ಕಟ್ಟಿತ್ತು. ಓಡುತ್ತಿದ್ದಾಗ ಆ ರಭಸದಲ್ಲಿ ಹೇಗೋ ಓಡಿಕೊಂಡಿತ್ತು. ಒಮ್ಮೆ ನಿಂತ ಮೇಲೆ ಏಳಲು ಆಗಲಿಲ್ಲ. ನಾನು ಕ್ಲೀನ್ ಮಾಡಿ ಒಂದು ವರ್ಷದ ಮೇಲಾಗಿತ್ತು. ಆ ಬೆಳಗ್ಗೆಯಿಂದ ಪಂಪಿನ ವಿಷಯದಲ್ಲಿ ನಾನು ಸಡಿಲ ಬಿಡುವುದಿಲ್ಲ.

ಆದ್ದರಿಂದ ನಿಮಗೆ ಡಿಸಿ ಪಂಪೇ ಬೇಕು. 12 ಅಥವಾ 24 ವೋಲ್ಟಿನದು, ಅಡಾಪ್ಟರ್ ಮತ್ತು ಕಂಟ್ರೋಲರ್ ಜೊತೆ ಬರುವಂಥದ್ದು. ಬೇಕಾದಷ್ಟು ವೇಗ ಇಳಿಸಬಹುದು. ಅಡಾಪ್ಟರ್ ಮೇಲೆ 100–240 ವೋಲ್ಟ್ ಅಂತ ಬರೆದಿದ್ದರೆ ಮಳೆಗಾಲದ ಡಿಮ್ ಕರೆಂಟಿನಲ್ಲೂ ತೊಂದರೆ ಇಲ್ಲ. ಎಲ್ಲಕ್ಕಿಂತ ಮುಖ್ಯ, ಬ್ಯಾಟರಿಗೆ ಹಾಕಬಹುದು. ಆದರೆ ಆ ಕಂಪನಿ ಬ್ಯಾಟರಿಗೆ ಹಾಕಬಹುದು ಅಂತ ಮ್ಯಾನ್ಯುಯಲ್‌ನಲ್ಲಿ ಹೇಳಿದ್ದರೆ ಮಾತ್ರ. 24 ವೋಲ್ಟಿನದು 12ಕ್ಕೆ ನಿಧಾನವಾಗಿ ಓಡಬಹುದು ಅಂತ ಸುಮ್ನೆ ಊಹೆಯಲ್ಲಿ ವೈರ್ ಜೋಡಿಸಬೇಡಿ. ದುಡ್ಡು ಇದ್ದವರಿಗೆ ಎಕೋಟೆಕ್‌ನ ವೋರ್ಟೆಕ್ ಇದೆ, ಮೋಟಾರ್ ಗಾಜಿನ ಹೊರಗೆ, ರೆಕ್ಕೆ ಮಾತ್ರ ಒಳಗೆ, ನಡುವೆ ಮ್ಯಾಗ್ನೆಟ್ ಹಿಡಿತ. ನೀರು ಬಿಸಿಯಾಗುವುದು ಕಮ್ಮಿ, ಬ್ಯಾಟರಿಗೆ ಅಂತಲೇ ಜಾಗವೂ ಇದೆ. ಅಷ್ಟು ಆಗದಿದ್ದರೆ ಜೆಬಾವೊ ತರದ ಚೀನಾ ಪಂಪ್ ಆದರೂ ನಡೆಯುತ್ತದೆ. ಯಾವುದೇ ತಗೊಳ್ಳಿ, ಅದೇ ದಿನ ಒಂದು ಸ್ಪೇರ್ ಇಂಪೆಲ್ಲರ್ ಕೂಡ ತಗೊಳ್ಳಿ. ಕೆಟ್ಟ ದಿನ ಆರ್ಡರ್ ಮಾಡಿದರೆ ಕೊರಿಯರ್ ಬರುವಷ್ಟರಲ್ಲಿ ಟ್ಯಾಂಕ್ ಮುಗಿದಿರುತ್ತದೆ.

ಅಂಗಡಿಯಲ್ಲಿ ಬಕೆಟ್ ನೀರಿಗೆ ಹಾಕಿಸಿ ಹತ್ತು ಸಲ ಆಫ್ ಆನ್ ಮಾಡಿ ನೋಡಿ. ಹತ್ತೂ ಸಲ ತಡವರಿಸದೆ ಹೊರಟರೆ ದುಡ್ಡು ಕೊಡಿ. ಬಾಕ್ಸಿನ ಮೇಲಿನ ಲೀಟರ್ ಲೆಕ್ಕಕ್ಕಿಂತ ನಾನು ಇದನ್ನೇ ನಂಬುತ್ತೇನೆ.

ಬ್ಯಾಟರಿ ಲೆಕ್ಕ ಸುಲಭ. 12 ವೋಲ್ಟ್, 7 ಎಎಚ್ (ಆಂಪಿಯರ್-ಅವರ್) ಬ್ಯಾಟರಿ ಅಂದರೆ 84 ವಾಟ್-ಅವರ್. 6 ವಾಟಿನ ಪಂಪ್ ಲೆಕ್ಕದ ಪ್ರಕಾರ 14 ಗಂಟೆ ಓಡಬೇಕು, ಆದರೆ ಆಸಿಡ್ ಬ್ಯಾಟರಿಯನ್ನು ಪೂರ್ತಿ ಬರಿದು ಮಾಡಬಾರದು, ಅರ್ಧ ಅಂತ ಹಿಡಿಯಿರಿ. 7 ಗಂಟೆ ಸಿಕ್ಕಿತು, ಒಂದು ರಾತ್ರಿ ಕಳೆಯಿತು ಅಲ್ವಾ? ಮನೆಯಲ್ಲಿ ಇನ್‌ವರ್ಟರ್ ಇದ್ದರೆ ಅದು ಸೈನ್ ವೇವ್ ಹೌದಾ ಅಂತ ನೋಡಿ. ಸ್ಕ್ವೇರ್ ವೇವ್‌ನಲ್ಲಿ ಎಸಿ ಪಂಪ್ ಗುಂಯ್‌ಗುಡುತ್ತದೆ, ಬಿಸಿಯಾಗುತ್ತದೆ. ಇದ್ಯಾವುದೂ ಇಲ್ಲದಿದ್ದರೆ ಸೆಲ್ ಹಾಕುವ ಏರ್ ಪಂಪ್ ಒಂದು ಇಟ್ಟುಕೊಳ್ಳಿ. ಅದೂ ಇಲ್ಲದ ರಾತ್ರಿ ಚೊಂಬಿನಲ್ಲಿ ನೀರು ಮೊಗೆದು ಎತ್ತರದಿಂದ ಸುರಿಯುತ್ತಾ ಕೂರಬೇಕು. ನಾನು ಕೂತಿದ್ದೇನೆ.

ಪಂಪ್ ಕೂರಿಸುವುದು ಮೇಲ್ಭಾಗದಲ್ಲಿ, ನೀರಿನ ಮೇಲ್ಮೈ ನಡುಗುವ ಹಾಗೆ ಸ್ವಲ್ಪ ಮೇಲಕ್ಕೆ ತಿರುಗಿಸಿ. ಗಾಳಿ ನೀರಿಗೆ ಸೇರುವುದು ಅಲ್ಲೇ. ಆಮೇಲೆ ಚಿಟಿಕೆ ಮೀನಿನ ಆಹಾರ ಹಾಕಿ ನೋಡಿ. ಕಲ್ಲಿನ ಹಿಂದೆ ಪುಡಿ ಹೋಗಿ ಕೂತುಬಿಟ್ಟರೆ ಅಲ್ಲಿ ಹರಿವು ಇಲ್ಲ, ದಿಕ್ಕು ಬದಲಿಸಿ. ಮರಳು ಎದ್ದರೆ ವೇಗ ಜಾಸ್ತಿಯಾಯಿತು.

ಪ್ರಶ್ನೆ (ಹಾಸನ): ಆರೇ ತಿಂಗಳಲ್ಲಿ ಪಂಪಿನ ರಭಸ ಅರ್ಧಕ್ಕೆ ಇಳಿದಿದೆ. ನೀರಿಗೆ ಒಂದು ಪೌಡರ್ ಹಾಕಿದರೆ ಕ್ಲೀನ್ ಮಾಡುವುದೇ ಬೇಡ ಅಂತಾರೆ. ಹೌದಾ? ಇಲ್ಲಾಂದ್ರೆ ಟಾಯ್ಲೆಟ್ ಆಸಿಡ್ ಹಾಕಿ ತೊಳೆಯಲಾ?

ಪೌಡರ್ ಮಾರಿದವರ ಅಂಗಡಿಗೆ ಮತ್ತೆ ಹೋಗಬೇಡಿ. ಟ್ಯಾಂಕ್ ನೀರಿನಲ್ಲಿ ಕ್ಯಾಲ್ಸಿಯಂ ಲೀಟರಿಗೆ 400 ಮಿಲಿಗ್ರಾಂ ಮೇಲೆ ಇರಲೇಬೇಕು. ಮೋಟಾರಿನ ಬಿಸಿಗೆ ಅದು ಅಲ್ಲೇ ಸುಣ್ಣವಾಗಿ ಕಟ್ಟುತ್ತದೆ, ಬಿಸಿನೀರಿನ ಹಂಡೆ ಒಳಗೆ ಕಟ್ಟುವ ಹಾಗೆ. ಪಂಪಿನ ಸುಣ್ಣ ಕರಗಿಸುವಷ್ಟು ಹುಳಿ ಟ್ಯಾಂಕಿಗೆ ಬಿದ್ದರೆ ಬಸವನಹುಳದ ಚಿಪ್ಪು, ಹವಳ ಒಂದೂ ಉಳಿಯುವುದಿಲ್ಲ. ಇಷ್ಟು ಯೋಚಿಸದೆ ಮಾರುತ್ತಾರಲ್ಲ ಅಂತ ನನಗೆ ಸಿಟ್ಟು ಬರುತ್ತದೆ. ಟಾಯ್ಲೆಟ್ ಆಸಿಡ್ ಕೂಡ ಬೇಡ. ಅದರ ಹೊಗೆ ನಿಮಗೆ ಕೆಟ್ಟದ್ದು, ಅದರಲ್ಲಿ ಬೆರೆಸಿದ ಬಣ್ಣ, ಸೋಪು ಹವಳಕ್ಕೆ ಕೆಟ್ಟದ್ದು.

ಕಿರಾಣಿ ಅಂಗಡಿಯ ನಿಂಬೆ ಉಪ್ಪು, ಅಂದರೆ ಸಿಟ್ರಿಕ್ ಆಸಿಡ್ ಸಾಕು. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ ಎರಡು ದೊಡ್ಡ ಚಮಚ. ಪ್ಲಗ್ ತೆಗೆದು, ಪಂಪ್ ಬಿಚ್ಚಿ, ಬಿಡಿ ಭಾಗ ಎಲ್ಲ ಅದರಲ್ಲಿ ಮುಳುಗಿಸಿ. ಸೋಡಾ ಹಾಗೆ ಗುಳ್ಳೆ ಏಳುತ್ತದೆ, ನೇರಳೆ ಬಣ್ಣದ ಗಟ್ಟಿ ಪದರ ಬೂದಿ ಬಣ್ಣಕ್ಕೆ ತಿರುಗಿ ಮೆತ್ತಗಾಗುತ್ತದೆ. ಅರ್ಧ ಮುಕ್ಕಾಲು ಗಂಟೆ ಬಿಟ್ಟು ಹಳೇ ಟೂತ್‌ಬ್ರಷ್‌ನಲ್ಲಿ ಉಜ್ಜಿ. ನಡುವೆ ಇರುವ ಸೆರಾಮಿಕ್ ಕಡ್ಡಿ ಪೆನ್ಸಿಲ್ ಸೀಸದ ಹಾಗೆ, ಓರೆಯಾಗಿ ಎಳೆದರೆ ಟಕ್ ಅಂತ ಮುರಿಯುತ್ತದೆ, ನೇರವಾಗಿ ಎಳೆಯಿರಿ. ಇಂಪೆಲ್ಲರಿನ ಕಪ್ಪು ಮ್ಯಾಗ್ನೆಟ್ ಮೇಲೆ ಬೆರಳು ಆಡಿಸಿ. ಎಲ್ಲಾದರೂ ಗುಳ್ಳೆ ಎದ್ದ ಹಾಗೆ ಉಬ್ಬಿದ್ದರೆ, ಸಣ್ಣ ಬಿರುಕಿನಿಂದ ಕಿತ್ತಳೆ ಬಣ್ಣದ ತುಕ್ಕು ಕಂಡರೆ, ಎಸೆಯಿರಿ. ಅಂಟು ಹಚ್ಚುವುದು, ಪೇಂಟ್ ಹೊಡೆಯುವುದು ಬೇಡ. ಆ ಲೋಹ ನೀರಿಗೆ ಇಳಿಯುತ್ತದೆ.

ಒಂದು ಎಚ್ಚರಿಕೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಪಂಪ್ ಮೇಲೆ ಬಟನ್ ಹವಳ, ಅಂದರೆ ಜೋಯಾಂತಿಡ್ ಬೆಳೆದಿದ್ದರೆ ಅದರ ಮೇಲೆ ಕುದಿಯುವ ನೀರು ಸುರಿಯಬೇಡಿ, ಬ್ರಷ್ ಹಾಕಿ ಕೆರೆಯಬೇಡಿ. ಅವುಗಳಲ್ಲಿ ಕೆಲವಕ್ಕೆ ಪಾಲಿಟಾಕ್ಸಿನ್ ಅನ್ನುವ ಘೋರ ವಿಷ ಇರುತ್ತದೆ, ಆ ಆವಿ ಉಸಿರಿಗೆ ಹೋಗಿ ಮನೆಮಂದಿಯೆಲ್ಲ ಆಸ್ಪತ್ರೆ ಸೇರಿದ ಪ್ರಕರಣಗಳು ಹೊರದೇಶಗಳಲ್ಲಿ ದಾಖಲಾಗಿವೆ. ಕೈಗವಸು, ಕನ್ನಡಕ ಹಾಕಿಯೇ ಕೆಲಸ ಮಾಡಿ.

ಮೂರು ತಿಂಗಳಿಗೊಮ್ಮೆ ಈ ಕೆಲಸ. ಮೇ ಕೊನೆಯಲ್ಲಿ, ಮಳೆಗೆ ಮುಂಚೆ, ಒಂದು ಸಲ ಕಡ್ಡಾಯ. ನಡುವೆ ತಿಂಗಳಿಗೊಮ್ಮೆ ಹತ್ತು ನಿಮಿಷ ಆಫ್ ಮಾಡಿ ಮತ್ತೆ ಹಾಕಿ ನೋಡಿ, ನೀವು ಎದುರಿಗೆ ಇರುವಾಗಲೇ.

ಇನ್ನು ಉಳಿದವು.

ಫ್ಯಾನ್ ರೆಗ್ಯುಲೇಟರ್ ಹಾಕಿ ಎಸಿ ಪಂಪ್ ನಿಧಾನ ಮಾಡಬಹುದಾ? ಇಲ್ಲ, ಅದರ ವೇಗ ನಿಂತಿರುವುದು ಕರೆಂಟಿನ 50 ಹರ್ಟ್ಸ್ ಮೇಲೆ. ವೋಲ್ಟೇಜ್ ಇಳಿಸಿದರೆ ನಿಧಾನ ಆಗುವುದಿಲ್ಲ, ನಿಂತು ಸುಡುತ್ತದೆ.

ಏರ್ ಕೂಲರ್ ಪಂಪ್ ಅಗ್ಗ, ಅದನ್ನೇ ಹಾಕಲಾ? ಉಪ್ಪು ನೀರಿಗೆ ಮಾಡಿದ್ದಲ್ಲ. ಬೇಡ.

ರಾತ್ರಿ ಮೀನು ಮಲಗಲಿ ಅಂತ ಪಂಪ್ ಆಫ್ ಮಾಡಬಹುದಾ? ಮೇಲೆ ಬರೆದದ್ದನ್ನು ಇನ್ನೊಮ್ಮೆ ಓದಿ.

ನೇತ್ರಾಣಿ ದ್ವೀಪಕ್ಕೆ ಡೈವಿಂಗ್ ಹೋದಾಗ ಒಂದು ತುಂಡು ಹವಳ ತರಬಹುದಾ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ಗಟ್ಟಿ ಹವಳಕ್ಕೆ ಹುಲಿಗೆ ಇರುವಂಥದ್ದೇ ರಕ್ಷಣೆ ಇದೆ. ಈ ಪ್ರಶ್ನೆ ಮತ್ತೆ ಕೇಳಬೇಡಿ.

ಪ್ರಶ್ನೆ (ಬೇಲೂರು): ಟ್ಯಾಂಕಿಗೆ ಕೈ ಹಾಕಿದರೆ ಜುಮ್ ಅನ್ನುತ್ತದೆ. ಉಪ್ಪು ನೀರು ಅಲ್ವಾ, ಅದು ಮಾಮೂಲು ಅಂತಾರೆ ಪರಿಚಯದವರು. ಒಂದು ಅರ್ಥಿಂಗ್ ವೈರ್ ನೀರಿಗೆ ಇಳಿಬಿಟ್ಟರೆ ಸಾಕಾ?

ಮಾಮೂಲಲ್ಲ. ಇದನ್ನು ಓದುವುದು ನಿಲ್ಲಿಸಿ, ಹೋಗಿ ಟ್ಯಾಂಕಿನ ಎಲ್ಲ ಪ್ಲಗ್ ತೆಗೆದು ಬನ್ನಿ. ಯಾವುದೋ ಪಂಪಿನ ಅಥವಾ ಹೀಟರಿನ ಕವಚ ಬಿರುಕು ಬಿಟ್ಟಿದೆ, ಕರೆಂಟ್ ನೀರಿಗೆ ಇಳಿಯುತ್ತಿದೆ. ಅದು ಯಾವುದು ಅಂತ ಕೈ ಹಾಕಿ ಹುಡುಕಬೇಡಿ, ಎಲೆಕ್ಟ್ರಿಷಿಯನ್ ಕರೆಸಿ, ಕೆಟ್ಟದ್ದನ್ನು ಹೊರಗೆ ಹಾಕಿ. ಆ ಸಾಕೆಟ್ ಲೈನಿಗೆ 30 ಮಿಲಿ ಆಂಪಿಯರ್ ಆರ್‌ಸಿಸಿಬಿ ಹಾಕಿಸಿ, ಕರೆಂಟ್ ಸೋರಿದರೆ ತಾನೇ ಕಟ್ ಆಗುತ್ತದೆ. ಅರ್ಥಿಂಗ್ ವೈರ್ ಅದರ ಬದಲಿಗೆ ಅಲ್ಲ. ವೈರ್ ಟ್ಯಾಂಕಿನಿಂದ ನೇರ ಸಾಕೆಟ್‌ಗೆ ಹೋಗಬಾರದು, ಸಾಕೆಟ್‌ಗಿಂತ ಕೆಳಕ್ಕೆ ಒಂದು ಬಳುಕು ಕೊಟ್ಟು ಮೇಲೆ ತನ್ನಿ. ಹನಿ ನೀರು ಇಳಿದು ಬಂದರೆ ಅಲ್ಲೇ ನೆಲಕ್ಕೆ ಬೀಳಬೇಕು, ಪ್ಲಗ್ ಒಳಗೆ ಹೋಗಬಾರದು.