ಓದುಗರ ಪ್ರಶ್ನೆ: ಧೂಪದ ಬೀಜ ಏಕೆ ಮೊಳೆಯಲಿಲ್ಲ?

ಪ್ರಶ್ನೆ: ನಮ್ಮ ಕುಟುಂಬದ ನಾಗಬನದಲ್ಲಿ (ನಾಗನ ಕಲ್ಲಿರುವ ದೇವರ ಕಾಡಿನಲ್ಲಿ) ಎರಡೇ ಧೂಪದ ಮರ ಉಳಿದಿವೆ. ಕಳೆದ ಮಳೆಗಾಲದ ಆರಂಭದಲ್ಲಿ ಬಿದ್ದ ಬೀಜ ಹೆಕ್ಕಿ, ಒಣಗಿಸಿ, ಡಬ್ಬಿಯಲ್ಲಿಟ್ಟು ಸೆಪ್ಟೆಂಬರಿನಲ್ಲಿ ಬಿತ್ತಿದೆವು. ಒಂದೂ ಮೊಳೆಯಲಿಲ್ಲ. ಎಲ್ಲಿ ತಪ್ಪಿದೆವು?
– ಓದುಗರೊಬ್ಬರು, ಪೆರ್ಡೂರು

ಉತ್ತರ: ಒಣಗಿಸಿದ್ದೇ ತಪ್ಪಾಯಿತು. ಸಾಗುವಾನಿ, ಅಕೇಶಿಯಾ ಬೀಜಗಳನ್ನು ಒಣಗಿಸಿ ವರ್ಷಗಟ್ಟಲೆ ಇಡಬಹುದು. ಮಳೆಕಾಡಿನ ಧೂಪ, ಕಿರಾಲ್‌ಬೋಗಿ, ರಾಮಪತ್ರೆಗಳಿಗೆ ಆ ತಾಳಿಕೆ ಇಲ್ಲ. ಇವುಗಳ ಬೀಜ ಹಸಿಯಾಗಿಯೇ ಬಿದ್ದು ಬೇಗನೆ ಬೇರು ಬಿಡುತ್ತದೆ. ನೀರಿನಂಶ ಇಳಿದರೆ ಒಳಗಿನ ಮೊಳಕೆ ಸಾಯುತ್ತದೆ, ಫ್ರಿಜ್ಜಿನಲ್ಲಿಟ್ಟರೆ ಚಳಿಗೆ ಸಾಯುತ್ತದೆ. ಕಡಿದ ಮಳೆಕಾಡು ತಾನಾಗಿ ಮರಳದಿರಲು ಇದೂ ಒಂದು ದೊಡ್ಡ ಕಾರಣ. ಮಣ್ಣಿನಲ್ಲಿ ಈ ಮರಗಳ ಬೀಜದ ದಾಸ್ತಾನು ಇರುವುದಿಲ್ಲ. ತಾಯಿಮರ ಹೋಯಿತೆಂದರೆ ಅಲ್ಲಿಗೆ ಸಂತಾನವೂ ಮುಗಿಯಿತು. ಅದರಲ್ಲೂ ಧೂಪ ಪಶ್ಚಿಮ ಘಟ್ಟ ಮತ್ತು ಅದರ ತಪ್ಪಲು ಬಿಟ್ಟು ಬೇರೆಲ್ಲೂ ಸಹಜವಾಗಿ ಬೆಳೆಯದ ಮರ. ನಿಮ್ಮ ಎರಡನ್ನು ಯಾವ ಕಾರಣಕ್ಕೂ ಕಡಿಯಲು ಬಿಡಬೇಡಿ.

ಈ ಬಾರಿ ಕಂದು ಕಾಯಿಗಳು ಬೀಳತೊಡಗಿದ ಕೂಡಲೇ ದಿನವೂ ಹೆಕ್ಕಿ. ತೂತು ಬಿದ್ದವನ್ನು ಎಸೆಯಿರಿ, ಉಳಿದವನ್ನು ಬಕೆಟ್ ನೀರಿಗೆ ಹಾಕಿ ತೇಲುವವನ್ನೂ ತೆಗೆಯಿರಿ. ಬಿತ್ತುವವರೆಗೆ ಒದ್ದೆ ಗೋಣಿಯಲ್ಲಿ ನೆರಳಿಗಿಡಿ. ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿದರೆ ಬೀಜ ಉಸಿರಾಡಿ ಬಿಸಿಯಾಗಿ ಬೂಸ್ಟು ಹಿಡಿಯುತ್ತದೆ. ಎರಡು ಮೂರು ದಿನದೊಳಗೆ ಬಿತ್ತಿಬಿಡಿ.

8x12 ಇಂಚಿನ ಚೀಲಕ್ಕೆ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಮರಳು, ಒಂದು ಪಾಲು ಕಳಿತ ಹಟ್ಟಿಗೊಬ್ಬರ ತುಂಬಿ. ಜೊತೆಗೆ ತಾಯಿಮರದ ಬುಡದ ಮಣ್ಣು ಒಂದು ಹಿಡಿ ಬೇಕೇ ಬೇಕು: ಧೂಪದ ಬೇರಿಗೆ ನೀರು, ಪೋಷಕಾಂಶ ಎಳೆದುಕೊಡುವ ಶಿಲೀಂಧ್ರ ಅದರಲ್ಲಿರುತ್ತದೆ. ಬೀಜವನ್ನು ಅಡ್ಡ ಮಲಗಿಸಿ ಅರ್ಧ ಹೂಳಿದರೆ ಸಾಕು, ಆಳಕ್ಕೆ ಹೋದರೆ ಕೊಳೆಯುತ್ತದೆ. ತಾಯಿಬೇರು ಚೀಲ ದಾಟಿ ನೆಲ ಕಚ್ಚದಂತೆ ತಿಂಗಳಿಗೊಮ್ಮೆ ಚೀಲ ಎತ್ತಿ ಜಾಗ ಬದಲಿಸಿ. ಅರ್ಧ ನೆರಳಿನಲ್ಲಿ ಒಂದು ವರ್ಷ ಬೆಳೆಸಿ, ಮುಂದಿನ ಜೂನ್‌ನಲ್ಲಿ ನೆಡಿ. ಮುರಕಲ್ಲಿನ (ಜಂಬಿಟ್ಟಿಗೆಯ) ನೆಲವಾದರೆ ಒಂದೂವರೆ ಅಡಿ ಹೊಂಡದ ತಳವನ್ನು ಹಾರೆಯಿಂದ ಒಡೆಯಿರಿ, ಇಲ್ಲವಾದರೆ ಬೇರು ಸುತ್ತಿಕೊಳ್ಳುತ್ತದೆ. ಎರಡು ಬೇಸಿಗೆ ನೀರು ಕೊಡಬೇಕು.

ಎರಡೇ ಮರದ ಬೀಜವನ್ನು ನೆಚ್ಚಬೇಡಿ, ಮುಂದೆ ಬನದ ಮರಗಳೆಲ್ಲ ಒಂದೇ ರಕ್ತದವಾಗಿ ದುರ್ಬಲವಾಗುತ್ತವೆ. ಅಕ್ಕಪಕ್ಕದ ಊರಿನ ಬನ, ರಸ್ತೆ ಬದಿಯಲ್ಲಿ ಉಳಿದ ಧೂಪದ ಮರಗಳ ಬೀಜವನ್ನೂ ಬೆರೆಸಿ. ನಾಗರಪಂಚಮಿಗೆಂದು ಬನದ ತರಗೆಲೆ ಗುಡಿಸಿ ಸುಡುವ ಅಭ್ಯಾಸವಿದ್ದರೆ ದಯವಿಟ್ಟು ನಿಲ್ಲಿಸಿ. ಕಲ್ಲಿನ ಮುಂದೆ ಪೂಜೆಗೆ ಬೇಕಾದಷ್ಟು ಜಾಗ ಗುಡಿಸಿದರೆ ಸಾಕು, ಉಳಿದೆಡೆ ಆ ಎಲೆಯ ತೇವದಲ್ಲೇ ಬೀಜ ತಾನಾಗಿ ಮೊಳೆಯುತ್ತದೆ.

ಪ್ರಶ್ನೆ: ಬನದ ಸುತ್ತ ಇಂಟರ್‌ಲಾಕ್ (ಸಿಮೆಂಟು ಇಟ್ಟಿಗೆಗಳ ಹಾಸು) ಹಾಕಬೇಕೆಂದು ನಮ್ಮ ಸಮಿತಿಯವರು ಹೇಳುತ್ತಿದ್ದಾರೆ. ಮರಕ್ಕೆ ತೊಂದರೆಯೇ?
– ಓದುಗರೊಬ್ಬರು, ಮಂಗಳೂರು

ಉತ್ತರ: ಖಂಡಿತ ತೊಂದರೆ. ನೀರು ಹೀರುವ ಸಣ್ಣ ಬೇರುಗಳು ಹೆಚ್ಚಿನವು ಮೇಲಿನ ಒಂದೆರಡು ಅಡಿಯಲ್ಲೇ ಇದ್ದು, ಕೊಂಬೆಗಳ ಹರವನ್ನೂ ದಾಟಿ ಹೋಗಿರುತ್ತವೆ. ಇಂಟರ್‌ಲಾಕ್ ಹಾಕಲು ಆ ಮಣ್ಣನ್ನೇ ಕೆತ್ತಿ, ಜಲ್ಲಿ ಸುರಿದು ರೋಲರ್ ಓಡಿಸುತ್ತಾರೆ. ಮರ ಕೂಡಲೇ ಸಾಯುವುದಿಲ್ಲ, ಕೆಲವು ವರ್ಷಗಳಲ್ಲಿ ತುದಿಯಿಂದ ಒಣಗುತ್ತ ಬರುತ್ತದೆ. ಆಗ ಕಾರಣ ಯಾರಿಗೂ ನೆನಪಿರುವುದಿಲ್ಲ. ನಡೆಯಲು ದಾರಿ ಬೇಕಿದ್ದರೆ ಮೂರಡಿ ಅಗಲಕ್ಕೆ ಮರಳು ಹರಡಿ, ಸಿಮೆಂಟು ಬಳಸದೆ, ಎಡೆ ಬಿಟ್ಟು ಮುರಕಲ್ಲು ಜೋಡಿಸಿ.

ಪ್ರಶ್ನೆ: ನಮ್ಮ ಗುಡ್ಡೆಯ ಅಕೇಶಿಯಾವನ್ನೆಲ್ಲ ಕಡಿದು ಕಾಡುಮರ ನೆಡಬಹುದೇ?
– ಓದುಗರೊಬ್ಬರು, ಕಾರ್ಕಳ

ಉತ್ತರ: ಒಮ್ಮೆಲೇ ಬೇಡ, ಧೂಪ, ರಾಮಪತ್ರೆಯ ಸಸಿಗಳು ಬಯಲಿನ ಬಿಸಿಲು ತಾಳವು. ಮೂರರಲ್ಲಿ ಒಂದು ಸಾಲು ತೆಗೆದು, ಆ ಎಡೆಯಲ್ಲಿ ಎಂಟು ಹತ್ತು ಅಡಿಗೊಂದರಂತೆ ಬೆರಕೆಯಾಗಿ ನೆಡಿ. ಸಸಿಗಳು ಆಳೆತ್ತರ ಬಂದ ಮೇಲೆ ಉಳಿದ ಸಾಲುಗಳನ್ನು ತೆಗೆಯಬಹುದು. ತೆರವಾದಲ್ಲಿ ಅಕೇಶಿಯಾದ ಮರಿಗಿಡಗಳು ರಾಶಿಯಾಗಿ ಏಳುತ್ತವೆ, ಮಳೆಗಾಲದಲ್ಲಿ ಮಣ್ಣು ಮೆತ್ತಗಿರುವಾಗಲೇ ಬುಡಸಮೇತ ಕಿತ್ತುಬಿಡಿ.