ಕೆಂಪು ನೀರು ಕೆಟ್ಟದ್ದಾ, ತಿಳಿ ನೀರು ಕೆಟ್ಟದ್ದಾ?

ಪ್ರಶ್ನೆ: ನಮ್ಮ ಮನೆ ಕೊಡಗಿನ ನೆಲ್ಯಹುದಿಕೇರಿಯಲ್ಲಿ, ಕಾವೇರಿ ಹೊಳೆ ಪಕ್ಕಾನೇ. ಮಳೆಗಾಲದಲ್ಲಿ ನೀರು ಟೀ ಥರ ಕೆಂಪಗಿರತ್ತೆ, ಯಾರೂ ಮುಟ್ಟಲ್ಲ. ಜನವರಿಯಲ್ಲಿ ತಳದ ಕಲ್ಲು ಕಾಣೋಷ್ಟು ತಿಳಿ, ಆದ್ರೆ ಒಂದೊಂದು ದಿನ ಹುಳಿ ವಾಸನೆ, ಸ್ನಾನ ಮಾಡಿದ್ರೆ ಮೈ ಕಡಿತ. ಹರಿಯೋ ನೀರಿಗೆ ಮೈಲಿಗೆ ಇಲ್ಲ ಅಂತಾರೆ ನಮ್ಮ ಮಾವ. ಹೌದಾ ಸಾರ್?

ಉತ್ತರ: ನಿಮ್ಮ ಮಾವನ ಮಾತು ಪೂರ್ತಿ ಸುಳ್ಳಲ್ಲ, ಆದ್ರೆ ಹೊಳೆ ತುಂಬಿ ಹರಿಯೋವಾಗ ಮಾತ್ರ ಸ್ವಲ್ಪ ಒಪ್ಪಬಹುದು. ಜನವರಿಯಲ್ಲಿ ಹರಿಯೋದೇ ಅಷ್ಟಕ್ಕಷ್ಟೆ, ಅದೇ ಟೈಮಿಗೆ ತೋಟಗಳಲ್ಲಿ ಕಾಫಿ ಪಲ್ಪಿಂಗ್, ಅಂದ್ರೆ ಪಲ್ಪರ್ ಮಿಷನ್ನಿನಲ್ಲಿ ಹಣ್ಣಿನ ಸಿಪ್ಪೆ ಬಿಡಿಸಿ ತೊಳೆಯೋ ಕೆಲಸ ಶುರುವಾಗಿರತ್ತೆ. ಹಣ್ಣಿನ ಲೋಳೆ ಸಕ್ಕರೆ ಎಲ್ಲ ಸೇರಿದ ಆ ನೀರನ್ನ ಗುಂಡಿಯಲ್ಲಿ ನಿಲ್ಲಿಸಿ ಸುಣ್ಣ ಹಾಕಿ ಶುದ್ಧ ಮಾಡ್ಬೇಕು, ಕೆಲವರು ರಾತ್ರೋರಾತ್ರಿ ತೋಡಿಗೆ ಬಿಟ್ಬಿಡ್ತಾರೆ. ಅದು ಹುಳಿತು ಪಿಎಚ್ (ಹುಳಿಯ ಅಳತೆ, 7ಕ್ಕಿಂತ ಇಳಿದಷ್ಟೂ ಹುಳಿ ಜಾಸ್ತಿ) 4ರ ಹತ್ರ ಬಂದಿರತ್ತೆ, ನಿಮ್ಮ ಹುಳಿ ವಾಸನೆ ಬಹುಶಃ ಇದೇ, ಕಡಿತಕ್ಕೂ ಇದೇ ಕಾರಣ ಇರಬಹುದು. ಸ್ನಾನಕ್ಕೆ ಯೋಗ್ಯ ಅನ್ನಿಸ್ಕೊಳ್ಳೋಕೆ ಲೀಟರಿಗೆ ಬಿಒಡಿ 3 ಮಿಲಿಗ್ರಾಂ ದಾಟಬಾರದು, ಶುದ್ಧ ಮಾಡದ ಪಲ್ಪರ್ ನೀರಿನಲ್ಲಿ ಅದು ಸಾವಿರಗಟ್ಟಲೆ ಇರತ್ತೆ. ಬಿಒಡಿ ಅಂದ್ರೆ ಕೊಳೆ ತಿನ್ನೋ ಸೂಕ್ಷ್ಮಜೀವಿಗಳು ಉಸಿರಾಡೋಕೆ ಎಳೆದುಕೊಳ್ಳೋ ಆಮ್ಲಜನಕ, ಅವು ಎಳೆದಷ್ಟೂ ಮೀನಿಗೆ ಕಮ್ಮಿ. ಬೆಳಕು ಹರಿಯೋಕೆ ಮುಂಚೆ ಹೋಗಿ ನೋಡಿ, ಮೀನು ಮೇಲೆ ಬಂದು ಬಾಯಿ ಬಿಡ್ತಿದ್ರೆ, ಕಲ್ಲುಗಳ ಮೇಲೆ ಬೂದು ಬಣ್ಣದ ಲೋಳೆ ಕೂತಿದ್ರೆ, ನೀರು ಎಷ್ಟೇ ತಿಳಿ ಇದ್ರೂ ಅವತ್ತು ಇಳಿಯಬೇಡಿ.

ಏಪ್ರಿಲ್ ಮೇನಲ್ಲಿ ಪಲ್ಪರ್ ನಿಂತಿರತ್ತೆ ಆದ್ರೆ ನೀರು ಬಿಸಿ. 20 ಡಿಗ್ರಿಯಲ್ಲಿ ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿಯೋ ನೀರು 30 ಡಿಗ್ರಿಗೆ ಏಳೂವರೆಗೆ ಇಳಿಯತ್ತೆ, ಮೇಲಿಂದ ಚರಂಡಿ ನೀರು ಬಂದ್ರೆ ಕರಗಿಸೋಕೆ ಹರಿವೂ ಇಲ್ಲ.

ಇನ್ನು ಕೆಂಪು ನೀರು. ಬರೀ ಮಣ್ಣಾದ್ರೆ ಅಷ್ಟು ಭಯ ಇಲ್ಲ, ಆದ್ರೆ ಜೂನಿನ ಮೊದಲ ದೊಡ್ಡ ಮಳೆ ಕೊಟ್ಟಿಗೆ, ತೋಟದ ಕೆಲಸದವರ ಲೈನ್ ಮನೆ ಹಿತ್ತಲು, ತೋಟದ ಗೊಬ್ಬರ, ಸ್ಪ್ರೇ ಮಾಡಿದ ಮೈಲುತುತ್ತ ಎಲ್ಲಾನೂ ಒಟ್ಟಿಗೆ ಗುಡಿಸಿ ತರತ್ತೆ, ವರ್ಷದಲ್ಲಿ ನಾನು ಹೆಚ್ಚು ಹೆದರೋದು ಆ ವಾರಕ್ಕೆ. ಆಮೇಲೆ ಕಕ್ಕಡದ (ಜುಲೈ-ಆಗಸ್ಟ್) ಮಳೆಗೆ ಉಪ್ಪಿನಂಶ ಎಲ್ಲ ತೆಳುವಾಗತ್ತೆ, ಕೆಸರು ಮತ್ತು ರೋಗಾಣು ಮಾತ್ರ ಉಳಿಯತ್ತೆ. ಇದ್ದುದರಲ್ಲಿ ವಾಸಿ ಅಂದ್ರೆ ಅಕ್ಟೋಬರಿನ ತುಲಾ ಸಂಕ್ರಮಣದಿಂದ ಪಲ್ಪರ್ ಶುರುವಾಗೋ ತನಕ. ಹಾಗಂತ ಕಾಯಿಸದೆ ಕುಡಿಯೋಕೆ ಆಗಲೂ ಬೇಡ.

ಪ್ರಶ್ನೆ: ಕೆಸರು ನೀರಿಗೆ ಬ್ಲೀಚಿಂಗ್ ಪೌಡರ್ ಸ್ವಲ್ಪ ಜಾಸ್ತಿ ಹಾಕಿದ್ರೆ ಸಾಕಲ್ವಾ? (ಸಿದ್ದಾಪುರದಿಂದ)

ಉತ್ತರ: ಸಾಲದು. ಕ್ಲೋರಿನ್ನನ್ನ ಕೆಸರೇ ತಿಂದುಹಾಕತ್ತೆ, ಮಣ್ಣಿನ ಕಣದ ಸಂದಿಯಲ್ಲಿ ಇರೋ ರೋಗಾಣು ಬಚಾವ್. ಮೊದಲು ಪಟಿಕ ಆಡಿಸಿ, ರಾತ್ರಿ ಅಲುಗಾಡದೆ ಬಿಡಿ, ಬೆಳಿಗ್ಗೆ ಮೇಲಿನ ತಿಳಿ ಮಾತ್ರ ಬಗ್ಗಿಸಿ ಬಟ್ಟೆಯಲ್ಲಿ ಸೋಸಿ ಕುದಿಸಿ, ಚೆನ್ನಾಗಿ ಮರಳಿದ ಮೇಲೆ ಒಂದು ನಿಮಿಷ ಸಾಕು. ಪಲ್ಪರ್ ನೀರಿಗೆ ಈ ಉಪಾಯ ನಡೆಯಲ್ಲ, ಕುದಿಸಿದ್ರೆ ರೋಗಾಣು ಸಾಯತ್ತೆ, ಕರಗಿದ ಕೊಳೆ ಅಲ್ಲೇ ಇರತ್ತೆ. ಅನುಮಾನ ಇದ್ರೆ ಪಂಚಾಯ್ತಿಯಲ್ಲಿ ನೀರು ಪರೀಕ್ಷೆ ಕಿಟ್ ಕೇಳಿ, ಅದರ ಚಿಕ್ಕ ಬಾಟಲಿಗೆ ನೀರು ತುಂಬಿ ಒಂದೆರಡು ದಿನ ಬೆಚ್ಚಗಿಟ್ಟಾಗ ಕಪ್ಪಾದ್ರೆ ಮಲದ ರೋಗಾಣು ಇರೋ ಸೂಚನೆ, ಆಗ ಜಿಲ್ಲಾ ಲ್ಯಾಬಿಗೂ ಒಂದು ಸ್ಯಾಂಪಲ್ ಕಳಿಸಿ.